ನನ್ನ ಮೂಗು ಮತ್ತು ಭಾಲ್ಕಿಯ ಹವಾ

ಮನುಷ್ಯನೆಂದ ಮೇಲೆ ಹೆಮ್ಮೆಪಡಲು ಏನಾದರೊಂದು ಬೇಕೇ ಬೇಕು. ಬೀದರದವರಿಗೆ ಕೋಟೆಯಿದೆ, ಔರಾದದವರಿಗೆ ಎತ್ತುಗಳಿವೆ. ಭಾಲ್ಕಿಯವನಾದ ನಾನು ಬಹಳ ಹುಡುಕಾಡಿ ಕೊನೆಗೆ ನಮ್ಮೂರಿನ ಹವಾ ಹಿಡಿದುಕೊಂಡೆ. ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಎಷ್ಟು ಹೊಗಳಿದರೂ ಯಾರೂ ‘ಎಲ್ಲಿ, ತೋರಿಸು’ ಎನ್ನುವುದಿಲ್ಲ. ನನ್ನ ದುರ್ದೈವ ನೋಡಿ, ವರ್ಷಕ್ಕೆ ಎರಡು ತಿಂಗಳು ಅದು ಕಣ್ಣಿಗೂ ಕಾಣುತ್ತದೆ. ತೊಗರಿ, ಜೋಳದ ರಾಶಿ ಶುರುವಾಯಿತೆಂದರೆ ಊರ ಸುತ್ತಲಿನ ಕಣಗಳಿಂದ ಹೊಟ್ಟಿನ ಧೂಳು ಎದ್ದು, ಕಬ್ಬಿನ ಗಾಣಗಳ ಹೊಗೆಯ ಕೈಹಿಡಿದುಕೊಂಡು ರೈಲು ಸ್ಟೇಷನ್ನಿನವರೆಗೂ ಹೋಗಿಬರುತ್ತದೆ. ಆ ಎರಡು ತಿಂಗಳು ನಾನು ಸೀನುತ್ತೇನೆ. ಭಾಲ್ಕಿಯ ಹವಾ ಯಾರಿಗೆಲ್ಲ ಒಗ್ಗಿದೆಯೋ ಗೊತ್ತಿಲ್ಲ, ಅದನ್ನು ಹಾಡಿ ಹೊಗಳುವ ನನಗಂತೂ ಒಗ್ಗಿಲ್ಲ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ನಾವಿನ್ನೂ ಹೈದರಾಬಾದ್ ರಾಜ್ಯದವರೇ. ನಾನು ಉರ್ದುವಿನಲ್ಲಿ ಓದಿದ ಶಾಲೆಯಲ್ಲೇ ಈಗ ಕನ್ನಡದ ಮಾಸ್ತರನಾಗಿದ್ದೆ. ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ‘ಅ’ ಬರೆದು ಮಕ್ಕಳ ಕಡೆ ತಿರುಗಿದಾಗ ಎದೆ ಉಬ್ಬುತ್ತಿತ್ತು. ಸುಳ್ಳೇಕೆ ಹೇಳಲಿ, ಒಮ್ಮೊಮ್ಮೆ ಕಣ್ಣೂ ಒದ್ದೆಯಾಗುತ್ತಿತ್ತು. ಅಂಥ ಹೊತ್ತಿಗೆ ಹೈದರಾಬಾದಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಹೆಂಡತಿಯ ಅಣ್ಣ ರೈಲಿಳಿದು ಬಂದರು. ಅಲ್ಲಿಯೇ ನನಗೊಂದು ಗುಮಾಸ್ತಿಕೆ ಗೊತ್ತುಮಾಡಿದ್ದರಂತೆ, ನಮ್ಮನ್ನು ಕರೆದುಕೊಂಡೇ ಹೋಗುತ್ತಾರಂತೆ. ನನಗೆ ಶಾಲೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ತೀರ್ಮಾನವೆಂಬುದು ಹೆಂಡತಿಯ ಬಾಯಿಂದ ಬರಬೇಕು, ಆಕೆ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ನನ್ನ ಬಳಿಯಿದ್ದ ಆಯುಧ ಹವಾ ಒಂದೇ. ಗಿರಣಿಯ ಹೊಗೆ ಕುಡಿದ ಭಾವನಿಗೆ ನಮ್ಮ ಹೊಲಗಳ ಗಾಳಿ ತೋರಿಸಿದರೆ ತಾವೇ ಸುಮ್ಮನಾಗುತ್ತಾರೆ ಎಂದುಕೊಂಡೆ. ಹೈದರಾಬಾದಿನವರು ಸಂಜೆಯ ತಿರುಗಾಟಕ್ಕೆ ಹವಾ ತಿನ್ನುವುದು ಎನ್ನುತ್ತಾರೆ. ನಮ್ಮಲ್ಲಿ ರಾಶಿಯ ಕಾಲದಲ್ಲಿ ಅದನ್ನು ಅಗಿದೇ ತಿನ್ನಬಹುದು ಎಂಬುದು ಹೆಮ್ಮೆಯ ಭರದಲ್ಲಿ ನನಗೆ ಮರೆತುಹೋಗಿತ್ತು. ಅವರನ್ನು ಕರೆದುಕೊಂಡು ಕಣದ ಹತ್ತಿರ ಹೋದದ್ದೇ ತಡ, ಮೂಗಿನೊಳಗೆ ಇರುವೆ ಹರಿದಂತಾಯಿತು. ಬೇವಿನ ಮರದ ಹಿಂದೆ ಯಾರನ್ನೋ ಮಾತಾಡಿಸುವ ನೆಪದಲ್ಲಿ ಹೋಗಿ ಒಂದು ಸೀನಿ ಬಂದೆ. ಬಣವೆಯ ಹಿಂದೆ ಇನ್ನೊಂದು. ಭಾವನಾದರೋ ಆ ಧೂಳಿನಲ್ಲಿ ಉಸಿರೆಳೆದುಕೊಂಡು, ಮೊರ ಇಸಿದುಕೊಂಡು, ರಾಶಿ ತೂರಲಿಕ್ಕೇ ನಿಂತುಬಿಟ್ಟರು. ವರ್ಷಗಟ್ಟಲೆ ಹತ್ತಿಯ ನಾರು ನುಂಗಿದ ಎದೆಗೆ ತೊಗರಿಯ ಹೊಟ್ಟು ಯಾವ ಲೆಕ್ಕ? ಅವರು ತೂರಿದ್ದೆಲ್ಲ ನೇರ ನನ್ನ ಮೂಗಿಗೇ ಬಂತು. ಮೂರನೆಯದನ್ನು ಮರೆಮಾಚಲು ಮರವೂ ಇರಲಿಲ್ಲ, ಬಣವೆಯೂ ಇರಲಿಲ್ಲ. ನನ್ನ ಸೀನಿಗೆ, ಕಾಳು ಬಿಡಿಸಲು ಹಂತಿ ತುಳಿಯುತ್ತಿದ್ದ ಎತ್ತುಗಳು ಗಕ್ಕನೆ ನಿಂತವು.

ಮನೆಗೆ ಬಂದ ಮೇಲೂ ಸೀನು ನಿಲ್ಲಲಿಲ್ಲ. ಭಾವ ಮರುಕದಿಂದ ತಂಗಿಯತ್ತ ತಿರುಗಿದರು. “ಮಾಸ್ತರಿಗಿ ಈ ಊರ ಹವಾ ಒಗ್ಗಂಗಿಲ್ಲ ತಂಗಿ. ನಾಳಿ ಗಾಡಿಗೇ ಹೊಂಡ್ರಿ,” ಎಂದರು. ಜೀವಮಾನವೆಲ್ಲ ನಾನು ಹೊಗಳಿದ ಹವೆಯೇ ನನ್ನನ್ನು ಊರು ಬಿಡಿಸಲು ನಿಂತಿತ್ತು. ಮರುಮಾತಾಡಲು ಬಾಯಿ ತೆರೆದೆ, ಅಲ್ಲಿಂದಲೂ ಸೀನೇ ಬಂತು.

ಆಗ ಗೋಡೆಯಾಚೆಯಿಂದ ನೆರೆಮನೆಯ ಖಾಲಾ ತಲೆಯೆತ್ತಿದರು. ನಾವೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎಂದೇ ಕರೆಯುವ ಆ ಮುದುಕಿಗೆ ನನ್ನ ಸೀನಿನ ಮೇಲೆ ಅಪಾರ ವಿಶ್ವಾಸವಿತ್ತು. “ಮಾಸ್ತರ್ ಶೀನಿದ್ರಂದ್ರ ನಾ ಬಿಸಲಾಗಿಂದು ಹಪ್ಪಳ ಒಳಗ ತರ್ತೀನಿ ಬೇಟಾ. ಅವರಿಗಿ ನೀ ಒಯ್ದ್ರ ನಮ್ಮ ಓಣಿಗಿ ಹವಾ ಯಾರ್ ಹೇಳಬೇಕು?” ಎಂದು ಭಾವನನ್ನೇ ತರಾಟೆಗೆ ತೆಗೆದುಕೊಂಡರು. ಓಣಿಯ ಅರ್ಧ ಜನ ಧೂಳು ಬಂತೆಂದು ನೀರಿನ ಕೊಡ ಮುಚ್ಚುವುದು, ಒಣಹಾಕಿದ ಬಟ್ಟೆ ತೆಗೆಯುವುದು ನನ್ನ ಮೂಗಿನ ಮಾತು ಕೇಳಿಯೇ ಎಂದು ನನಗೆ ತಿಳಿದದ್ದು ಆವತ್ತೇ. ಕನ್ನಡ ಕಲಿಸಿ ಗಳಿಸದ ಕೀರ್ತಿಯನ್ನು ನಾನು ಸೀನಿ ಗಳಿಸಿದ್ದೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. “ನಾವು ಬರಲ್ಲ ಅಣ್ಣಾ. ಇವರದು ಇಲ್ಲಿ ಸಾಲಿ ಅದ,” ಎಂದಳು. ಅಷ್ಟೇ. ಭಾವ ಮರುದಿನ ಒಂದು ಚೀಲ ತೊಗರಿಬೇಳೆಯೊಂದಿಗೆ ಒಬ್ಬರೇ ರೈಲು ಹತ್ತಿದರು.

ಸ್ಟೇಷನ್ನಿನಿಂದ ಮರಳುವಾಗ ನನ್ನ ನಡಿಗೆಯ ಗತ್ತೇ ಬೇರೆಯಾಗಿತ್ತು. ಕನ್ನಡದ ಸೇವೆಯನ್ನು ಊರು ಗುರುತಿಸದಿದ್ದರೇನು, ಮನೆಯಾಕೆ ಗುರುತಿಸಿದಳಲ್ಲ! ಅದನ್ನು ಅವಳ ಬಾಯಿಂದ ಇನ್ನೊಮ್ಮೆ ಕೇಳುವ ಆಸೆಯಾಗಿ, ಪಟ್ಟಣದ ಸುಖ ಬಿಟ್ಟು ನನ್ನ ಶಾಲೆಗಾಗಿ ಉಳಿದೆಯಲ್ಲ ಎಂದು ಕೇಳಿಯೇಬಿಟ್ಟೆ.

“ಸಾಲಿ ಅಂತ ಅಣ್ಣನ ಮುಂದ ಹೇಳಿದೆ, ಮರ್ಯಾದಿ ಬೇಕಲ್ರಿ,” ಎಂದಳು. “ಇಲ್ಲಿ ಎರಡು ತಿಂಗಳು ಧೂಳ, ಎರಡು ತಿಂಗಳು ಶೀನ್ತೀರಿ. ಅಲ್ಲಿ ವರ್ಷಪೂರ್ತಿ ಗಿರಣಿ ಹೊಗಿ. ನಾ ಯಾವಾಗ ಮಲಗಬೇಕ್ರಿ?”

ಈಗಲೂ ಭಾಲ್ಕಿಯ ಹವೆಗೆ ಸಮನಾದದ್ದು ಎಲ್ಲಿಯೂ ಇಲ್ಲವೆಂದೇ ನಾನು ಸಾರುತ್ತೇನೆ. ಹೆಂಡತಿ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದರೆ ಮಾತ್ರ, ‘ವರ್ಷದಲ್ಲಿ ಹತ್ತು ತಿಂಗಳು’ ಎಂದು ಸೇರಿಸುತ್ತೇನೆ.