ಇಬ್ಬರು ಅಳಿಯಂದಿರ ಮಿಲಿಟರಿ ಗಾಡಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವರು ಮಹಡಿ ಮೇಲೆ ಮಹಡಿ ಏರಿಸಿದರೆಂದೋ, ಎದುರಿನ ಅಂಗಡಿಯವನು ಕಾಲುವೆ ದಂಡೆಯ ಗದ್ದೆ ಹಿಡಿದನೆಂದೋ ಹೊಟ್ಟೆ ಉರಿದರೆ ಕೇಳುವವರಿಗೂ ಅರ್ಥವಾಗುತ್ತದೆ. "ಉರಿಯೂವಂಥಾದ್ದ ಬಿಡ್ರಿ" ಎಂದು ಸಮಾಧಾನವನ್ನಾದರೂ ಹೇಳುತ್ತಾರೆ. ನನ್ನದು ಅಂಥ ಮರ್ಯಾದಸ್ಥರ ಹೊಟ್ಟೆಕಿಚ್ಚಲ್ಲ. ಸೈನ್ಯದವರೇ ಸಾಕೆಂದು ಹರಾಜಿಗೆ ಹಾಕಿದ, ಬಾಗಿಲು ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಒಂದು ಹಳೆಯ ಪಿಕಪ್ ಗಾಡಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಅದೂ ಎಂಥ ಹೊತ್ತಿನಲ್ಲಿ? ಅಂಥದೇ ಇನ್ನೊಂದು ಗಾಡಿ ನನ್ನ ಅಂಗಳದಲ್ಲಿಯೇ ಬೇವಿನ ಗಿಡದ ಕೆಳಗೆ ನಿಂತಿರುವಾಗ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಹೆಂಡತಿಯ ಮುಂದೆ ಹೇಳಿ ನೋಡಿದೆ. "ನಿಮ್ಮ ಗಾಡಿ ರಿಪೇರಿ ಎಂದೂ ಮುಗ್ಯೂದಿಲ್ಲ, ನನ್ನ ಅಡಿಗಿಮನಿ ನಳದ ರಿಪೇರಿ ಎಂದೂ ಶುರು ಆಗೂದಿಲ್ಲ" ಎಂದಳು. ಆ ನಳ ಈಗಲೂ ಸೋರುತ್ತಿದೆ.

ನಾನು ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಇದ್ದವನು. ನನಗೂ ಮಿಲಿಟರಿಗೂ ಇರುವ ನಂಟು ಮಾವನ ಕಡೆಯಿಂದ ಬಂದದ್ದು. ಮಾವ ಕುಷ್ಟಗಿ ಕಡೆಯ ಹಳ್ಳಿಯವರು, ಸೈನ್ಯದಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಮಾತು ಬಹಳ ಕಡಿಮೆ. ಮದುವೆಯ ಮಾತುಕತೆಯಲ್ಲಿ ಕೂಡ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ "ಆತು" ಎಂದಿದ್ದರು, ಅಷ್ಟೇ. ಆದರೆ ತಾವು ಓಡಿಸುತ್ತಿದ್ದ ಪಿಕಪ್ಪಿನ ಮಾತು ಬಂದರೆ ಸಾಕು, ಬೇರೆಯೇ ಮನುಷ್ಯರಾಗುತ್ತಿದ್ದರು. ಹಿಮ ಬೀಳುವ ಊರಿನಲ್ಲಿ ಬೆಳಿಗ್ಗೆ ಎದ್ದು ಎಂಜಿನ್ನಿನ ಕೆಳಗೆ ಕೆಂಡದ ತಟ್ಟೆ ಇಟ್ಟು ಕಾಯಿಸಿ ಗಾಡಿ ಚಾಲೂ ಮಾಡುತ್ತಿದ್ದ ಕಥೆಯನ್ನು ಅವರು ಹೇಳುತ್ತಿದ್ದರೆ, ನಮ್ಮ ಬಿಸಿಲಿನಲ್ಲಿ ಕುಳಿತು ಕೇಳುವ ನಮಗೇ ಬೆವರು. ಆ ಕಥೆ ಕೇಳಿ ಕೇಳಿ, ಹಿರಿಯ ಅಳಿಯನಾದ ನಾನು ಅವರನ್ನು ಒಮ್ಮೆ ಬೆರಗುಗೊಳಿಸಬೇಕೆಂದು ಹರಾಜಿನಲ್ಲಿ ಅಂಥದೇ ಒಂದು ಗಾಡಿ ಹಿಡಿದೆ. ಸೈನ್ಯದ ಹಸಿರು ಬಣ್ಣ ನಾವು ಹಚ್ಚುವ ಹಾಗಿಲ್ಲ ಎಂದು ಹರಾಜಿನವರು ಹೇಳಿದರು. ಪೇಂಟರ್ ತನ್ನ ಬಳಿ ಉಳಿದಿದ್ದ ನೀಲಿ ಬಣ್ಣ ಹಚ್ಚಿದ. ಗಾಡಿ ದೂರದಿಂದ ನೀರಿನ ಟ್ಯಾಂಕರಿನಂತೆ ಕಂಡರೂ ನನಗೆ ಹೆಮ್ಮೆಯೇ.

ಆ ಹೆಮ್ಮೆ ಒಂದು ಮಳೆಗಾಲವೂ ಬಾಳಲಿಲ್ಲ. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿ ಗಿರಿಜಾಳ ಗಂಡ ಶರಣಪ್ಪ, ಅದೇ ಹರಾಜಿನವರ ಬಳಿ ಹೋಗಿ ಅಂಥದೇ ಗಾಡಿ ತಂದು ನಿಲ್ಲಿಸಿದ. ಅವನದು ಕಾರಟಗಿಯಲ್ಲಿ ಅಕ್ಕಿ ಗಿರಣಿ. ಅಲ್ಲಿ ಎಂಜಿನ್ ಎತ್ತಲು ಸರಪಳಿ ಪುಲ್ಲಿ ಇದೆ, ಕರೆದರೆ ಬರುವ ವೆಲ್ಡರ್ ಇದ್ದಾನೆ, ಗಾಡಿ ನಿಲ್ಲಿಸಲು ತಗಡಿನ ಶೆಡ್ ಇದೆ. ನನ್ನಲ್ಲಿ ಇರುವುದು ಬೇವಿನ ಟೊಂಗೆ, ಅದಕ್ಕೊಂದು ಹಗ್ಗ. ಆ ಟೊಂಗೆಗೆ ನನ್ನ ಹೆಂಡತಿಯ ಬಟ್ಟೆ ಒಣಗಿಸುವ ಹಗ್ಗವೂ ಕಟ್ಟಿರುವುದರಿಂದ, ಎಂಜಿನ್ ಮೇಲೆದ್ದ ದಿನ ಸೀರೆಗಳು ಕೆಳಗಿಳಿಯುತ್ತಿದ್ದವು. ಇಷ್ಟಾದರೂ ನಾನು ಸೋಲಲಿಲ್ಲ. ಮಾವ ಬರುತ್ತಾರೆಂದು ತಿಳಿದರೆ ಹಿಂದಿನ ದಿನವೇ ಮೆಕ್ಯಾನಿಕ್‌ನನ್ನು ಕರೆಸಿ, ಸಿಕ್ಕಿದ್ದನ್ನೆಲ್ಲ ಬಿಗಿ ಮಾಡಿಸಿ, ಗಾಡಿ ತೊಳೆಸಿ ಇಡುತ್ತಿದ್ದೆ. ಅವರು ಬಂದ ಕೂಡಲೇ ಗಿಡದ ನೆರಳಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, "ನೀವು ಕುಂದರ್ರಿ ಮಾವಾರ, ಎಲ್ಲಾ ಬರೋಬ್ಬರಿ ಐತಿ" ಎಂದು ಎಂಜಿನ್ ಚಾಲೂ ಮಾಡಿ ತೋರಿಸುತ್ತಿದ್ದೆ. ಅವರು ಚಹಾ ಕುಡಿದು, "ಹೂಂ" ಎಂದು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು.

ಕಾರಟಗಿಗೆ ಹೋದರೆ ಮಾತ್ರ ವಾರಗಟ್ಟಲೆ ಇರುತ್ತಿದ್ದರು. ಇದು ನನಗೆ ಹೆಂಡತಿಯ ಫೋನಿನಿಂದ ತಿಳಿಯುತ್ತಿತ್ತು. "ಅಪ್ಪಾ ಇನ್ನೂ ಗಿರಿಜಾನ ಮನ್ಯಾಗ ಅದಾನಂತ್ರಿ" ಎಂದು ಆಕೆ ಸಹಜವಾಗಿ ಹೇಳಿದರೂ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಕುಟ್ಟಿದಂತಾಗುತ್ತಿತ್ತು. ಒಮ್ಮೆ ಶರಣಪ್ಪ ಒಂದು ಫೋಟೊ ಕಳಿಸಿದ. ಇಟ್ಟಿಗೆ ಕೆಂಪಿನ ಅವನ ಗಾಡಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ನಾನು ನೋಡಿದ ಕೂಡಲೇ ಗುರುತಿಸಿದೆ. ಮಾವನ ಕಾಲು. ನಮ್ಮ ಮನೆಗೆ ಬಂದಾಗ ಚಪ್ಪಲಿ ಬಿಟ್ಟು, ತೊಳೆದುಕೊಂಡು, ಗಂಭೀರವಾಗಿ ಕುಳಿತುಕೊಳ್ಳುವ ಆ ಕಾಲುಗಳು ಅಲ್ಲಿ ಗ್ರೀಸು ಬಳಿದುಕೊಂಡು ಸುಖವಾಗಿ ಬಿದ್ದಿದ್ದವು. ಆ ದಿನ ಅಂಗಡಿಯಲ್ಲಿ ಜೋಳದ ಬೀಜ ಕೇಳಿದವನಿಗೆ ಸೂರ್ಯಕಾಂತಿ ಕೊಟ್ಟು ಕಳಿಸಿದೆ. ನನ್ನ ಗಾಡಿಯಲ್ಲಿ ಏನು ಕಡಿಮೆ? ನನ್ನಲ್ಲಿ ಏನು ಕಡಿಮೆ?

ಹೀಗೆ ಮಹಾನವಮಿ ಬಂತು. ಆ ದಿನ ಖಂಡೇ ಪೂಜೆ, ಕಬ್ಬಿಣದ ಸಾಮಾನಿಗೆಲ್ಲ ಹಬ್ಬ. ಬೆಳಿಗ್ಗೆಯೇ ಶರಣಪ್ಪನಿಂದ ಮತ್ತೊಂದು ಫೋಟೊ. ಗಾಡಿಗೆ ಚೆಂಡುಹೂವಿನ ಮಾಲೆ, ಬಾಳೆಕಂಬ. ಮುಂದೆ ಹಲಗೆಯ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟ, ನಟ್ಟು ಬಿಚ್ಚುವ ಪಾನಾಗಳು, ಹೊಸ ಮದುಮಗಳ ಬಳೆಗಳ ಹಾಗೆ ಹೊಳೆಯುತ್ತಿದ್ದವು. ನನ್ನ ಪಾನಾಗಳನ್ನು ನೋಡಿದೆ. ತುಕ್ಕು ಹಿಡಿದು, ಒಂದರ ಬಾಯಿ ಒಡೆದಿತ್ತು. ಇವುಗಳನ್ನು ಪೂಜೆಗಿಟ್ಟು ಫೋಟೊ ಕಳಿಸಿದರೆ ಕಾರಟಗಿಯಲ್ಲಿ ನಗುತ್ತಾರೆ. ಆಗ ಹೊಳೆದದ್ದೇ ಕಾರ್ಬುರೇಟರ್. ಗಾಡಿಗೆ ಪೆಟ್ರೋಲು ಗಾಳಿ ಬೆರೆಸಿ ಕುಡಿಸುವ ಆ ಭಾಗವನ್ನು ನಾನು ಎಷ್ಟು ಸಲ ಬಿಚ್ಚಿದ್ದೇನೆಂದರೆ ಕಣ್ಣು ಕಟ್ಟಿದರೂ ಬಿಚ್ಚಿ ಕೊಡುತ್ತೇನೆ. ತಿರುಗಿ ಕೂರಿಸುವುದು ಮಾತ್ರ ಮೆಕ್ಯಾನಿಕ್‌ನ ಕೆಲಸ. ಬಿಚ್ಚಿ, ತೊಳೆದು, ದೇವರ ಸಾಮಾನು ತಿಕ್ಕುವ ಹುಣಸೆಹಣ್ಣಿನಿಂದಲೇ ತಿಕ್ಕಿ, ಹಲಗೆಯ ನಟ್ಟನಡುವೆ ಕೂರಿಸಿದೆ. ಹೆಂಡತಿ ವಿಭೂತಿ, ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದಳು. ನಿಜ ಹೇಳುತ್ತೇನೆ, ಉತ್ಸವಮೂರ್ತಿಯ ಕಳೆ ಬಂದಿತ್ತು. ಫೋಟೊ ಕಳಿಸಿದೆ. ಆ ಕಡೆಯಿಂದ ಕೈ ಮುಗಿದ ಚಿತ್ರವೊಂದು ಬಿಟ್ಟರೆ ಮಾತೇ ಇಲ್ಲ. ಆ ಖುಷಿಗೆ ಒಂದು ಹೋಳಿಗೆ ಹೆಚ್ಚಿಗೆ ತಿಂದೆ.

ಕೈ ತೊಳೆಯುವುದರೊಳಗೆ ಶರಣಪ್ಪನ ಫೋನು. "ಅಣ್ಣಾರ, ಮಾವಾರು ನಮ್ಮನಿಗೆ ಬಂದಾರ. ಎಲ್ಲಾರೂ ನಿಮ್ಮ ಕಡೆ ಬರಾಕ್ಹತ್ತೀವಿ. ಎರಡೂ ಗಾಡಿ ಕೂಡೇ ಹೇಮಗುಡ್ಡದ ದಸರಾಕ್ಕ ಹೋಗೂಣು. ಇವತ್ತ ನಿಮ್ಮ ಗಾಡಿ ಮಾವಾರು ತಾವೇ ಹೊಡಿತಾರಂತ್ರಿ." ಎಷ್ಟು ಕಾಲದಿಂದ ಈ ಮಾತಿಗೆ ಕಾದಿದ್ದೆನೋ ಆ ಮಾತು, ಕಾರ್ಬುರೇಟರ್ ಹೂವಿನೊಳಗೆ ಕುಳಿತಿರುವಾಗ ಬಂತು. ಮೆಕ್ಯಾನಿಕ್‌ಗೆ ಫೋನು ಹಚ್ಚಿದರೆ, ಅವನ ಪಾನಾಗಳೂ ಪೂಜೆಗೆ ಕುಳಿತಿವೆ, ನಾಳೆ ಬರುತ್ತೇನೆ ಎಂದ. ನಾನೇ ಏನಾದರೂ ಮಾಡೋಣವೆಂದು ಹಲಗೆಯ ಕಡೆ ಕೈ ಚಾಚಿದೆ. ಹೆಂಡತಿ ಅಡ್ಡ ನಿಂತಳು. "ಖಂಡೇ ಪೂಜಿಗೆ ಇಟ್ಟಿದ್ದನ್ನ ನಾಳೆ ಬನ್ನಿ ಮುಡಿಯೂತನಕ ಮುಟ್ಟಂಗಿಲ್ರಿ." ಅದು ಬರೀ ಕಾರ್ಬುರೇಟರ್ ಎಂದು ತಿಳಿಸಿ ಹೇಳಿದೆ. "ನಾ ಕಾಯಿ ಒಡಿಯೂತನಕ ಕಾರ್ಬುರೇಟರ್ ಇತ್ತು. ಈಗ ದೇವರು" ಎಂದಳು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಬಂದರು. ಮಾವ ನೇರವಾಗಿ ಗಾಡಿಯ ಹತ್ತಿರ ಹೋಗಿ ಬಾನೆಟ್ ಎತ್ತಿದರು. ಖಾಲಿ ಜಾಗವನ್ನು ನೋಡಿದರು. ಒಳಗೆ ಬಂದು ಹಲಗೆಯ ಮುಂದೆ ನಿಂತು, ಕಾರ್ಬುರೇಟರಿಗೆ ಭಕ್ತಿಯಿಂದ ಕೈ ಮುಗಿದರು. ಶರಣಪ್ಪ ಟವೆಲಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಗುತ್ತಿದ್ದ. "ಅಣ್ಣಾರ ಭಕ್ತಿ ಭಾಳ ಜೋರ ಐತಿ. ಬರ್ರಿ ಮಾವಾರ, ನಮ್ಮ ಗಾಡಿ ತಯಾರ ನಿಂತೈತಿ" ಎಂದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಮಾವ ತಮ್ಮ ಚೀಲವನ್ನು ಗೋಡೆಯ ಮೊಳೆಗೆ ಹಾಕಿ, "ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ. ನಾಳೆ ಪೂಜಿ ಕದಲಿಸಿದ ಮ್ಯಾಲೆ ಅದನ್ನ ಕುಂದರಿಸಬೇಕಲ್ಲ" ಎಂದರು. ಶರಣಪ್ಪನ ನಗು ಟವೆಲಿನಲ್ಲಿಯೇ ಉಳಿಯಿತು. ಅವನ ಮುಖ ನೋಡಿ ನನಗಾದ ಸಂತೋಷ ನನ್ನ ಮದುವೆಯಲ್ಲಿಯೂ ಆಗಿರಲಿಲ್ಲ. ಅದೇ ಸಂಭ್ರಮದಲ್ಲಿ ಓಡಿಹೋಗಿ ಕುರ್ಚಿ ತಂದೆ. ಮಾವ ಅದನ್ನು ನೋಡಿ, "ಕುರ್ಚಿ ಬ್ಯಾಡ್ರಿ ಅಳಿಯಾರ. ಬಂದಾಗೊಮ್ಮೆ ಕುರ್ಚಿ ಹಾಕ್ತೀರಿ. ಕುರ್ಚಿ ನಮ್ಮನ್ಯಾಗೂ ಐತಿ" ಎಂದರು.

ಅಂಥ ಮಾತನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ಕುರ್ಚಿ ಹಿಡಿದುಕೊಂಡು ಹಾಗೆಯೇ ನಿಂತೆ. ನಾನು ಮರ್ಯಾದೆಯೆಂದು ಕೊಟ್ಟಿದ್ದೆಲ್ಲ ಅವರಿಗೆ ಬೇಸರವಾಗಿತ್ತು. ಕಾರಟಗಿಯವನು ರಿಪೇರಿಗೆಂದು ಕೆಟ್ಟ ಗಾಡಿ ಕೊಟ್ಟಿದ್ದ, ನಾನು ಚಹಾ ಕೊಟ್ಟಿದ್ದೆ. ಮರುದಿನ ಬನ್ನಿ ಮುಡಿದು, ಬಂಗಾರದಂಗ ಇರೂಣು ಎಂದು ಪರಸ್ಪರ ಹೇಳಿಕೊಂಡ ಮೇಲೆ ಮಾವ ಬನಿಯನ್ನಿನ ಮೇಲೆಯೇ ಕೆಲಸಕ್ಕೆ ಇಳಿದರು. ಕಾರ್ಬುರೇಟರ್ ಕೂತಿತು. ಅದು ಕೂತ ಮೇಲೆ ಬ್ರೇಕು ಸರಿಯಿಲ್ಲವೆಂದು ಕಂಡುಬಂತು, ಬ್ರೇಕು ಬಿಚ್ಚಿದರೆ ಇನ್ನೇನೋ. ಮಾವ ನಗುತ್ತಿದ್ದರು, ಬೈಯುತ್ತಿದ್ದರು, ಹಿಮದ ಕಥೆ ಹೇಳುತ್ತಿದ್ದರು. ನಾನು ಪಾನಾ ಕೊಡುತ್ತ ಪಕ್ಕದಲ್ಲಿ ಮಲಗಿದ್ದೆ. ಹೆಂಡತಿಗೆ ಹೇಳಿ ನಮ್ಮಿಬ್ಬರ ಕಾಲುಗಳ ಫೋಟೊ ತೆಗೆಸಿ ಕಾರಟಗಿಗೆ ಕಳಿಸಿದೆ.

ಅದರ ಫಲ ಬೇಗ ಸಿಕ್ಕಿತು. ಶರಣಪ್ಪ ನೇರವಾಗಿ ಮಾವನಿಗೇ ಫೋನು ಮಾಡಿದ. "ಮಾವಾರ, ಗೇರ್ ಬಾಕ್ಸಿನಾಗ ಏನೋ ಸಪ್ಪಳ ಬರಾಕ್ಹತ್ತೈತ್ರಿ. ಹೇಮಗುಡ್ಡಕ್ಕ ಹೋಗಿ ಬರೂತನಕ ಛಲೋ ಇತ್ತು." ಇದ್ದಕ್ಕಿದ್ದಂತೆ ಸಪ್ಪಳ ಬರಲು ಗೇರ್ ಬಾಕ್ಸಿನಲ್ಲಿ ಇಲಿ ಹೊಕ್ಕಿತ್ತೇ? ಅವನೇ ಏನೋ ಮಾಡಿದ್ದಾನೆ ಎಂಬುದು ನನಗೆ ಸ್ಪಷ್ಟವಿತ್ತು. ಎಂಥ ನೀಚ ಬುದ್ಧಿ ನೋಡಿ. ಆದರೆ ಮಾವನಿಗೆ ಅದನ್ನು ಹೇಗೆ ಹೇಳುವುದು? ಅವರು ಆಗಲೇ ಅಂಗಿ ತೊಟ್ಟು ಚೀಲ ತರಲು ಒಳಗೆ ಹೋಗಿದ್ದರು. ನಮ್ಮ ಗಾಡಿಯಲ್ಲಿಯೇ ಕಾರಟಗಿಗೆ ಬಿಟ್ಟು ಬರುತ್ತೇನೆಂದು ನಾನು ಹೊರಗೆ ಬಂದೆ. ಕೈಯಲ್ಲಿ ಪಾನಾ ಇತ್ತು. ಬಾನೆಟ್ ಎತ್ತಿಯೇ ಇತ್ತು. ಆಮೇಲೆ ಅದನ್ನು ಮುಚ್ಚಿದೆ.

ಮಾವ ಸ್ಟೇರಿಂಗ್ ಹಿಡಿದರು. ಗಾಡಿ ಗೇಟು ದಾಟಿ, ಒಮ್ಮೆ ಕೆಮ್ಮಿ, ರಸ್ತೆಯ ನಡುವೆ ನಿಂತುಬಿಟ್ಟಿತು. "ಅಯ್ಯ, ಏನಾತ್ರಿ ಮಾವಾರ" ಎಂದು ನಾನು ಕಳವಳಪಟ್ಟೆ. ಹೆಂಡತಿ ಬಂದು ಮಾವನ ಚೀಲವನ್ನು ಒಳಗೆ ಒಯ್ದಳು. ಮಾವ ಇಳಿದು ಬಾನೆಟ್ ಎತ್ತಿದರು, ಒಂದು ಕ್ಷಣ ಬಗ್ಗಿ ನೋಡಿದರು, ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಮೇಲಿನ ತಂತಿಯ ನಟ್ಟನ್ನು ಎರಡು ಬೆರಳಲ್ಲಿ ತಿರುವಿ ಬಿಗಿ ಮಾಡಿದರು. ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಮದುವೆಯ ಮಾತುಕತೆಯ ದಿನಕ್ಕಿಂತ ಹೆಚ್ಚು ಪ್ರೀತಿಯಿಂದಲೇ ನೋಡಿದರು.

"ಕಾರಟಗಿ ಅಳಿಯಾರು ಇದಕ್ಕಿಂತ ಛಲೋ ಸಡ್ಲ ಮಾಡ್ತಾರ್ರಿ" ಎಂದರು. "ಅದನ್ನ ಹುಡುಕಾಕ ನನಗ ವಾರ ಹಿಡಿತೈತಿ."

ಈಗ ನೀವೇ ಹೇಳಿ. ಗಾಡಿ ಕೆಡಿಸುವುದರಲ್ಲಿ ಕೂಡ ಅವನೇ ನನಗಿಂತ ಮುಂದೆ ಎಂದರೆ, ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?