ಡಲ್ಲಾಸಿನ ಗೂಡುಸಾಬ, ಫಿಲಡೆಲ್ಫಿಯಾದ ಸಿದ್ದಲಿಂಗಪ್ಪ

"ಇಡೀ ಬ್ಯಾಡಗಿಯೊಳಗ ಅಮೆರಿಕಾದ ಫುಟ್‌ಬಾಲ್ ತಿಳಿಯೋದು ನನಗೊಬ್ಬಗ!"

ಗೂಡುಸಾಬ ಹೀಗೆ ಘೋಷಿಸಿದ್ದು ಹೆಂಡತಿ ಮುಮ್ತಾಜಬಿಯ ಮುಂದೆ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು. ಊರಿಗೆ ಕೇಬಲ್ ಬಂದ ಹೊಸತು. ಮೆಣಸಿನಕಾಯಿ ಪೇಟೆಯಲ್ಲಿ ತೂಕ ಹಾಕುವ ಗೂಡುಸಾಬನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಪಕ್ಕದ ಸಿದ್ದಲಿಂಗಪ್ಪನ ಮನೆಯಲ್ಲಿತ್ತು. ಅವನದು ಮುಂದೆ ಖಾರ ಕುಟ್ಟುವ ಗಿರಣಿ, ನಡುವೆ ಅಂಗಳ, ಹಿಂದೆ ಮನೆ. ಚಡ್ಡಿ ಹಾಕುವ ಕಾಲದ ಈ ಗೆಳೆಯರಿಬ್ಬರೂ ದಿನಾ ಬೆಳಿಗ್ಗೆ ಚಹಾ ಹೀರುತ್ತ ಆ ಟಿ.ವಿ. ಮುಂದೆ ಕೂರುತ್ತಿದ್ದರು.

ಒಂದು ದಿನ ಆ ಆಟ ಕಣ್ಣಿಗೆ ಬಿತ್ತು. ಹೆಸರು ಫುಟ್‌ಬಾಲು, ಆಡುವುದು ಕೈಯಲ್ಲಿ! ಚೆಂಡು ಸುಲಿದ ತೆಂಗಿನಕಾಯಿಯಂತೆ. ಆಡುವವರೋ, ಅಂಗಿಯೊಳಗೆ ತಲೆದಿಂಬು ತುರುಕಿಕೊಂಡಂಥ ಭೀಮಸೇನರು. ಡಲ್ಲಾಸಿನವರ ಹೆಲ್ಮೆಟ್ಟಿನ ಮೇಲೆ ನಕ್ಷತ್ರ, ಫಿಲಡೆಲ್ಫಿಯಾದವರದ್ದರ ಮೇಲೆ ಹದ್ದಿನ ರೆಕ್ಕೆ. ನಕ್ಷತ್ರದವನೊಬ್ಬ ಬೋರಲು ಬಿದ್ದದ್ದೇ ತಡ, ರೆಕ್ಕೆಯವರೆಲ್ಲ ಚೀಲ ಒಟ್ಟಿದ ಹಾಗೆ ಅವನ ಮೇಲೆ ಬಿದ್ದರು. ಗೂಡುಸಾಬನ ಕರುಳು ಚುರ್ರೆಂದಿತು.

"ಪಾಪ! ಇವತ್ತಿನಿಂದ ನಾ ನಕ್ಷತ್ರದ ಕಡೆ."

"ಹಂಗಾರ ನಾ ರೆಕ್ಕಿ ಕಡೆ!" ಎಂದ ಸಿದ್ದಲಿಂಗಪ್ಪ. ಕಾರಣ ಕೇಳಬೇಡಿ. ಗೂಡುಸಾಬ ಆಚೆ ಇದ್ದನಲ್ಲ, ಅದೇ ಕಾರಣ. ಆ ಎರಡು ಟೀಮುಗಳ ಹಗೆ ಹಲವು ದಶಕಗಳದ್ದು ಎಂದು ಯಾರೋ ಹೇಳಿದ ಮೇಲಂತೂ, ಅದನ್ನು ಬ್ಯಾಡಗಿಯಲ್ಲಿ ಕಾಪಾಡಿಕೊಂಡು ಹೋಗುವ ಘನ ಜವಾಬ್ದಾರಿ ಇಬ್ಬರ ಹೆಗಲೇರಿತು!

ಇವೆರಡು ಟೀಮುಗಳು ಮತ್ತೆ ಎದುರಾದ ದಿನವೇ ಮುಮ್ತಾಜಬಿ ರಾಣೆಬೆನ್ನೂರಿಗೆ ಹೊರಡಬೇಕಿತ್ತು. ಮರುದಿನ ಅವಳ ಅಣ್ಣ ಶಾಬುದ್ದೀನನ ಮಗಳ ಮದುವೆ. ಮದುವೆಯ ಅಡಿಗೆಗೆ ಖಾರಪುಡಿ ತಾನೇ ತರುವುದಾಗಿ ಅಣ್ಣನಿಗೆ ಮಾತು ಕೊಟ್ಟಿದ್ದಳು. ಒಂದೊಂದೇ ಮೆಣಸಿನಕಾಯಿ ಆರಿಸಿ, ತೊಟ್ಟು ಮುರಿದು, ಮಾಳಿಗೆಯ ಮೇಲೆ ಒಣಗಿಸಿದ್ದಳು.

"ಕುಟ್ಟಿಸಿಕೊಂಡು ಸೀದಾ ಮನಿಗೆ ಬರ್ರಿ. ಟಿ.ವಿ. ಮುಂದ ಕುಂದ್ರಬ್ಯಾಡ್ರಿ."

"ಏ, ನನ್ನೇನು ಸಣ್ಣ ಹುಡುಗ ಅಂತ ತಿಳದೀಯೇನು?"

ಸಿದ್ದಲಿಂಗಪ್ಪನ ಗಿರಣಿಯಲ್ಲಿ ಖಾರ ಕುಟ್ಟಿ ಆಯಿತು. ಬಿಸಿಬಿಸಿ ಪುಡಿ ಬಟ್ಟೆಯ ಚೀಲ ಸೇರಿತು. ಅಷ್ಟರಲ್ಲಿ ಒಳಗಿನಿಂದ ಟಿ.ವಿ. ಹೋ ಎಂದು ಕೂಗಿತು! ನಿಂತ ಕಾಲಿನಲ್ಲಿ ಒಂದೇ ನಿಮಿಷ ಎಂದುಕೊಂಡು ಗೂಡುಸಾಬ ಚೀಲದ ಸಮೇತ ಒಳಗೆ ಹೋದ. ಸಿದ್ದಲಿಂಗಪ್ಪ ಗಿರಣಿ ನಿಲ್ಲಿಸಿ ಹಿಂದೆಯೇ ಬಂದ. ನಕ್ಷತ್ರದವನೊಬ್ಬ ಗೆರೆಯ ಅಂಚಿನಲ್ಲಿ ಹಾರಿ ಚೆಂಡು ಹಿಡಿದ.

"ಹಿಡದ!"

"ಎಲ್ಲಿ ಹಿಡದ? ಗೆರಿ ಹೊರಗ ಕಾಲಿಟ್ಟಾನ!"

"ಕಣ್ಣು ಗಿರಣ್ಯಾಗ ಬಿಟ್ಟು ಬಂದಿ ಏನು? ಹೊರಗ ಬಾ, ಹೆಂಗ ಹಿಡದ ತೋರಸ್ತೇನಿ!"

ಗೂಡುಸಾಬ ಖಾರದ ಚೀಲವನ್ನು ಕಂಕುಳಲ್ಲಿ ಅವಚಿಕೊಂಡು ಅಂಗಳದಲ್ಲಿ ಓಡಿದ. ಫಿಲಡೆಲ್ಫಿಯಾದ ಮಾನ ಉಳಿಸಲು ಸಿದ್ದಲಿಂಗಪ್ಪ, ಇಷ್ಟು ದೊಡ್ಡ ಹೊಟ್ಟೆ ಹೊತ್ತು, ಗಾಳಿಯಲ್ಲಿ ಹಾರಿದ. ಇಬ್ಬರ ನಡುವೆ ಸಿಕ್ಕ ಚೀಲ ಭುಸ್ಸೆಂದಿತು. ಅಂಗಳದಲ್ಲಿ ಕೆಂಪು ಮೋಡ ಎದ್ದಿತು!

ಆಮೇಲೆ ಸೀನು. ಓಣಿಗೆ ಓಣಿಯೇ ಸೀನಿತು. ಎಮ್ಮೆಯೊಂದು ಹಗ್ಗ ಹರಿದುಕೊಂಡು ಓಡಿತು. ಮುಮ್ತಾಜಬಿಯೂ ಸಿದ್ದಲಿಂಗಪ್ಪನ ಹೆಂಡತಿ ಮೈಲವ್ವನೂ ಮೂಗಿಗೆ ಸೆರಗು ಒತ್ತಿಕೊಂಡು ಓಡಿ ಬಂದು, ಕುರುಡರಂತೆ ತಡಕಾಡುತ್ತಿದ್ದ ಗಂಡಂದಿರ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದರು.

ಮುಮ್ತಾಜಬಿ ಬೈಯಲಿಲ್ಲ. ಅದೇ ಗೂಡುಸಾಬನಿಗೆ ಹೆದರಿಕೆ ಹುಟ್ಟಿಸಿತು. ಅವಳು ಕಟ್ಟೆಯ ಮೇಲೆ ಕುಸಿದು ಕೂತು, "ಅಣ್ಣಗ ಏನಂತ ಹೇಳ್ಲಿ?" ಎಂದಳು, ಅಷ್ಟೇ. ಕಣ್ಣಿನ ಉರಿಗಿಂತ ಆ ಸಣ್ಣ ದನಿ ಅವನಿಗೆ ಹೆಚ್ಚು ಉರಿಯಿತು.

ಮೈಲವ್ವ ಒಳಗೆ ಹೋಗಿ, ವರ್ಷಕ್ಕೆಂದು ಕುಟ್ಟಿ ಇಟ್ಟಿದ್ದ ಖಾರದ ಭರಣಿಯನ್ನೇ ಹೊತ್ತು ತಂದಳು. "ತಗೋ ಮುಮ್ತಾಜಕ್ಕಾ. ಈ ವರ್ಷ ನಮ್ಮ ಮನ್ಯಾಗ ಸಪ್ಪನ ಸಾರು. ಹಾರಿದವ್ರು ಉಣ್ಲಿ!"

ನಾಲ್ವರೂ ಬಸ್ಸು ಹಿಡಿದು ರಾಣೆಬೆನ್ನೂರು ಮುಟ್ಟಿದರು. ಗಂಡಸರ ಕಣ್ಣು ಇನ್ನೂ ಕೆಂಡ, ನೀರು ಧಾರಾಕಾರ. ಶಾಬುದ್ದೀನ ನೋಡಿ ಕರಗಿ ಹೋದ. "ನೋಡ್ರಿ ನಮ್ಮ ಭಾವನ್ನ! ಹುಡುಗಿ ಗಂಡನ ಮನಿಗೆ ಹೋಗೋದು ನಾಳೆ, ಇವತ್ತ ಅಳಾಕತ್ತಾರ! ಬಾಜೂ ಮನಿಯವ್ರೂ ಅಳ್ತಾರಲ್ರೀ!" ಎಂದು ಇಬ್ಬರನ್ನೂ ತಬ್ಬಿಕೊಂಡ. ಅದನ್ನು ಕಂಡು ಮದುಮಗಳು ಗೊಳೋ ಎಂದಳು. ಹಿರಿಯರು ಕಣ್ಣೊರೆಸಿಕೊಂಡರು. ಖರೇ ಸಂಗತಿ ಹೇಳಿಬಿಡಬೇಕೆಂದು ಗೂಡುಸಾಬ ಬಾಯಿ ತೆರೆದ. ಸೀನು ಬಂತು.

ಜನ ಚದುರಿದ ಮೇಲೆ ಗೆಳೆಯರಿಬ್ಬರೂ ಹಂದರದ ಮೂಲೆಯಲ್ಲಿ ಕೂತರು.

"ಸಿದ್ದಾ, ಕಡೀಕ ಯಾರು ಗೆದ್ರೋ?"

"ನನಗೇನು ಕಾಣಿಸ್ತಿತ್ತಲೇ?"

ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಮೈಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನೀವು ಬಾವಿಕಟ್ಟಿ ಮ್ಯಾಲೆ ಮಾರಿ ತೊಳಕೋತ ಕುಂತಾಗ, ನಾವಿಬ್ರೂ ಕಡೀತನಕ ನೋಡಿವಿ!"

ಇಬ್ಬರೂ ಧಡಕ್ಕನೆ ಎದ್ದರು. "ಯಾರು? ಯಾರು ಗೆದ್ರು?"

ಮುಮ್ತಾಜಬಿ ಉಳ್ಳಾಗಡ್ಡಿಯ ಚೀಲವೊಂದನ್ನು ಅವರ ಮುಂದೆ ದೂಡಿ, ಎರಡು ಈಳಿಗೆ ಇಟ್ಟಳು. "ಮೊದಲ ಇಷ್ಟೂ ಹೆಚ್ರಿ. ಹೇಳಬೇಕೋ ಬ್ಯಾಡೋ ಅಂತ ಆಮ್ಯಾಲೆ ನಾವಿಬ್ರೂ ವಿಚಾರ ಮಾಡ್ತೀವಿ."