ಶೇಂಗಾ ಸಿಪ್ಪೆಯ ಬಣ್ಣ

ನಮ್ಮ ಸೋದರತ್ತೆ ಮನುಷ್ಯರನ್ನು ನಂಬುವವಳಲ್ಲ. ಅವಳು ನಂಬುವುದು ಸ್ಪಾರ್ಕ್ ಪ್ಲಗ್ಗನ್ನು ಮಾತ್ರ! ನಗಬೇಡಿ. ಉಳಿದ ಹೆಂಗಸರ ಕೈಚೀಲದಲ್ಲಿ ಎಲೆ-ಅಡಿಕೆಯೋ ಗುಳಿಗೆಯೋ ಇದ್ದರೆ, ನಮ್ಮತ್ತೆಯ ಚೀಲದಲ್ಲಿ ವಿಭೂತಿ ಗಟ್ಟಿಯ ಪಕ್ಕ ಪ್ಲಗ್ ಬಿಚ್ಚುವ ಪಾನಾ ಇರುತ್ತದೆ. ಅವಳ ಮನೆಯೆದುರು ಕಾರು ನಿಲ್ಲಿಸುವುದೂ ಒಂದೇ, ಡಾಕ್ಟರ ಎದುರು ಕೆಮ್ಮುವುದೂ ಒಂದೇ. ತಪಾಸಣೆ ಆಗದೆ ಬಿಡುಗಡೆಯಿಲ್ಲ. ಇದನ್ನು ಹುಚ್ಚು ಎನ್ನುವವರು ನಮ್ಮ ಬಳಗದಲ್ಲಿ ಬೇಕಾದಷ್ಟು ಜನರಿದ್ದಾರೆ. ಅನ್ನಲಿ ಬಿಡಿ! ನಾನಂತೂ ಅತ್ತೆಯ ಕಡೆ.

ಮಾವನಿಗೆ ಹತ್ತಿ ವ್ಯಾಪಾರವಿತ್ತು, ಒಂದು ಹಳೆಯ ಪೆಟ್ರೋಲ್ ಕಾರೂ ಇತ್ತು. ಅವರಿದ್ದ ತೆಲುಗು ಸೀಮೆಯ ಆದೋನಿಯಲ್ಲಿ ಹತ್ತಿ ಸುಗ್ಗಿ ಬಂತೆಂದರೆ ಗಾಳಿಯಲ್ಲೆಲ್ಲ ಎಳೆ. ಅದು ಏರ್ ಫಿಲ್ಟರಿಗೆ ಮೆತ್ತಿಕೊಂಡು, ಎಂಜಿನ್ನಿಗೆ ಉಸಿರು ಸಾಲದೆ, ಪ್ಲಗ್ಗೆಲ್ಲ ಮಸಿಯಾಗುತ್ತಿತ್ತು. ಹೀಗೆ ಕೆಟ್ಟು ನಿಂತ ಕಾರಿನಲ್ಲಿ ಸುಮ್ಮನೆ ಕೂತು ಕೂತು ಬೇಸತ್ತು ಅತ್ತೆ ಈ ವಿದ್ಯೆ ಕಲಿತಳು. ಮಾವ ತೀರಿಕೊಂಡ ಮೇಲೆ ಕಾರೂ ಅವಳದೇ, ವಿದ್ಯೆಯೂ ಅವಳದೇ.

ಅವಳ ಭಾಷೆಯಲ್ಲಿ ಪ್ಲಗ್ಗು ಎಂದರೆ ಎಂಜಿನ್ನಿನ ನಾಲಗೆ. "ಬಾಯಿ ಸುಳ್ಳು ಹೇಳತೈತಿ, ನಾಲಗಿ ಬಣ್ಣ ಸುಳ್ಳು ಹೇಳಂಗಿಲ್ಲ" ಎನ್ನುತ್ತಾಳೆ. ಒಣ ಮಸಿಯಿದ್ದರೆ ಪೆಟ್ರೋಲು ಅತಿಯಾಗಿದೆ, ಗಾಳಿ ಸಾಲದು. ಜಿಡ್ಡು ಮಸಿಯಿದ್ದರೆ ಎಂಜಿನ್ ಎಣ್ಣೆ ಒಳಗೆ ಸೋರುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಒಳಗೆಲ್ಲ ಕಾವೇರಿದೆ, ಅಪಾಯ! ಹುರಿದ ಶೇಂಗಾದ ಸಿಪ್ಪೆಯ ಬಣ್ಣವಿದ್ದರೆ? ಗಾಡಿಗೆ ನೂರು ವರ್ಷ ಆಯಸ್ಸು!

ಒಮ್ಮೆ ನಮ್ಮ ಚಿಕ್ಕಪ್ಪನ ಮಗಳನ್ನು ನೋಡಲು ಮದ್ದಿಕೇರದಿಂದ ಗಂಡಿನ ಕಡೆಯವರು ತಮ್ಮ ಕಾರಿನಲ್ಲಿ ಬಂದರು. ನಾವು ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಂಚುವ ಹೊತ್ತಿಗೆ ಅತ್ತೆ ನಾಪತ್ತೆ. ಎಲ್ಲಿದ್ದಳು? ಅಂಗಳದಲ್ಲಿ, ಅವರ ಕಾರಿನ ಬಾನೆಟ್ಟಿನ ಕೆಳಗೆ! ಜಿಡ್ಡು ಹಿಡಿದ ಪ್ಲಗ್ಗೊಂದನ್ನು ಸೆರಗಿನಲ್ಲಿ ಹಿಡಿದು ನೇರ ನಡುಮನೆಗೆ ಬಂದು ಸಾರಿದಳು: "ತಪ್ಪು ತಿಳೀಬ್ಯಾಡ್ರಿ, ಎಣ್ಣಿ ಕುಡಿಯೋದು ಭಾಳ ಆಗೇತ್ರಿ ನಿಮ್ದು!"

ಹುಡುಗನ ಅಪ್ಪ ಅರ್ಧ ಕಚ್ಚಿದ ಮಿರ್ಚಿಯೊಂದಿಗೆ ಎದ್ದು ನಿಂತರು. "ಯಾರು ಹೇಳಿದ್ರು ನಿಮಗ? ದಸರಾಕ್ಕ ಬಿಟ್ಟೇನ್ರಿ ನಾನು! ಬೇಕಾದ್ರ ನನ್ನ ಹೆಂಡ್ತೀನ ಕೇಳ್ರಿ!"

ಹೆಂಡತಿಯನ್ನು ಕೇಳಿದೆವು. ಬಿಟ್ಟಿರಲಿಲ್ಲ. ಆದರೂ ಸಂಬಂಧ ಕುದುರಿತು ನೋಡಿ! ಗಂಡನ ಬಾಯಿಂದ ಇಷ್ಟು ಸಲೀಸಾಗಿ ನಿಜ ಹೊರಡಿಸುವ ಮನೆತನವನ್ನು ಬಿಡಬಾರದೆಂದು ಆಕೆಯೇ ಹಟ ಹಿಡಿದಳಂತೆ.

ಇಂಥ ಅತ್ತೆಯ ಕಾರಿನ ಕೀ ಕಸಿದುಕೊಳ್ಳಬೇಕೆಂದು ಅವಳ ಮಕ್ಕಳು ಹಟ ತೊಟ್ಟರು. ವಯಸ್ಸಾಯಿತಂತೆ! ಬರೀ ಓಡಾಟದ ಮಾತಾಗಿದ್ದರೆ ಅವಳು ಕೊಡುತ್ತಿದ್ದಳೋ ಏನೋ. ಆದರೆ ನಮ್ಮಪ್ಪ, ಅಂದರೆ ಅವಳ ತಮ್ಮ, ಮೈಯಲ್ಲಿ ರಕ್ತ ಕಡಿಮೆಯಾಗುತ್ತ ಹೋಗುವ ಕಾಯಿಲೆಯಲ್ಲಿ ಬಿದ್ದಿದ್ದರು. ಅವರನ್ನು ವಾರ ವಾರ ಕೌತಾಳಂನಿಂದ ಆದೋನಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು ಅತ್ತೆಯೇ. ಮಗ ನಾನಿದ್ದೇನೆ, ನನಗೂ ಕಾರಿದೆ ಎಂದರೆ, "ನಿನ್ನ ಗಾಡಿ ನಿನಗಿರ್ಲಿ. ನನ್ನ ಕೈಯಾಗ ಶಕ್ತಿ ಇರೋತನಕ ನನ್ನ ತಮ್ಮ ನನ್ನ ಗಾಡ್ಯಾಗ ಕೂಡ್ತಾನ" ಎಂದು ಬಾಯಿ ಮುಚ್ಚಿಸಿದಳು.

ಅದೇ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಆದೋನಿಯ ಕಾರುಗಳೆಲ್ಲ ಇದ್ದಕ್ಕಿದ್ದಂತೆ ಆರೋಗ್ಯವಂತವಾದವು! ಯಾರ ಪ್ಲಗ್ಗು ಬಿಚ್ಚಿದರೂ ಅತ್ತೆಯ ತೀರ್ಪು ಒಂದೇ: "ಶೇಂಗಾ ಸಿಪ್ಪಿ!" ನನ್ನ ಕಾರಿಗೂ ಅದೇ ಪ್ರಶಸ್ತಿ ಸಿಕ್ಕಿತು. ನಾನು ಎದೆಯುಬ್ಬಿಸಿ ಕೋಸಗಿಗೆ ಹೊರಟೆ. ದಾರಿಯಲ್ಲಿ ಎಂಜಿನ್ನು ಟಕಟಕ ಬಡಿದುಕೊಂಡು, ಕುದ್ದು, ನಿಂತೇಹೋಯಿತು. ಪ್ಲಗ್ಗು ತೆಗೆದು ನೋಡುತ್ತೇನೆ, ಸುಣ್ಣದ ಬಿಳುಪು!

ತಂದು ಅತ್ತೆಯ ಮುಂದೆ ಹಿಡಿದೆ. "ಇದು ಯಾ ಬಣ್ಣ ಅತ್ತಿ?"

"ಶೇಂಗಾ ಸಿಪ್ಪಿ. ನಿನ್ನ ಕಣ್ಣಿಗೇನಾಗೇತಿ?"

ನಾನು ಅವಳ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಪ್ಲಗ್ಗಿನ ಪಕ್ಕಕ್ಕಿಟ್ಟೆ. "ಇದು?"

ಅತ್ತೆ ಬಗ್ಗಿ ನೋಡಿದಳು. ದಿನವೂ ಹಣೆಗೆ ಹಚ್ಚುವ ವಿಭೂತಿ ಬೆಳ್ಳಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವಳ ಕಣ್ಣಿಗೆ ಅದೂ ಶೇಂಗಾ ಸಿಪ್ಪೆಯಾಗಿತ್ತು. ವಿಭೂತಿಯನ್ನು ಚೀಲಕ್ಕೆ ಹಾಕಿಕೊಂಡು, "ಹಂಗಾರ ಬರೇ ಗಾಡಿ ಕೆಟ್ಟಿಲ್ಲ. ನಾನೂ ಕೆಟ್ಟೀನಿ" ಎಂದಳು. ಕಣ್ಣಿನ ಪೊರೆ ಬಲಿತು ಲೋಕವನ್ನೆಲ್ಲ ಕಂದು ಮಾಡಿತ್ತು.

ಮಕ್ಕಳಿಗೆ ಇಷ್ಟು ಸಾಕಾಯಿತು. ದೊಡ್ಡವನು ಬಂದು ಕೈ ಚಾಚಿದ. "ಕೀ ಕೊಡವ್ವಾ."

ಅತ್ತೆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಪ್ಲಗ್ ಕೆಟ್ರ ಪ್ಲಗ್ ಬದಲಿಸ್ತಾರ. ಗಾಡೀನ ಗುಜರಿಗೆ ಹಾಕ್ತಾರೇನಲೇ? ನಡಿ ಡಾಕ್ಟರ್ ಹಂತೇಕ!"

ಆಸ್ಪತ್ರೆಯಲ್ಲಿ ಹೊಸ ಜಗಳ. ಮೊದಲು ಒಂದು ಕಣ್ಣಿಗೆ ಆಪರೇಷನ್, ಆಮೇಲೆ ಇನ್ನೊಂದಕ್ಕೆ ಎಂದು ಡಾಕ್ಟರು ಹೇಳುವ ಮೊದಲೇ ಅತ್ತೆ ಅಪ್ಪಣೆ ಕೊಟ್ಟಳು. "ಪ್ಲಗ್ ಬಿಚ್ಚಿದಂಗ ಒಂದೊಂದ ಬಿಚ್ರಿ. ಎಲ್ಲಾ ಒಮ್ಮೆ ಬಿಚ್ಚಿದ್ರ ವೈರ್ ಅದಲು-ಬದಲು ಆಗ್ತಾವ." ಕಣ್ಣಿಗೆ ವೈರಿರುವುದಿಲ್ಲಮ್ಮ ಎಂದು ಡಾಕ್ಟರು ತೆಲುಗಿನಲ್ಲಿ ನಕ್ಕರು. "ಮೀಕು ತೆಲೀದು ಲೇಂಡಿ" ಎಂದು, ನಿಮಗೇನು ಗೊತ್ತು ಬಿಡಿ ಎನ್ನುವ ಧಾಟಿಯಲ್ಲಿ, ಅವರ ಭಾಷೆಯಲ್ಲೇ ಅವರನ್ನು ಕೂರಿಸಿದಳು!

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅತ್ತೆಯ ಹಾವಳಿ ಕೇಳಬೇಡಿ. ಗೋಡೆಯ ಸುಣ್ಣ, ಸೊಸೆಯ ಪಾತ್ರೆ, ನನ್ನ ನರೆಗೂದಲು, ಯಾವುದಕ್ಕೂ ಮಾಫಿಯಿಲ್ಲ. ಡಾಕ್ಟರು ಗಾಡಿ ಓಡಿಸಬಹುದೆಂದು ಒಪ್ಪಿಗೆ ಕೊಟ್ಟರು. ಮಕ್ಕಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅತ್ತೆ ಕೀ ತಿರುಗಿಸಿದ ಸದ್ದಿಗೆ ಚಪ್ಪಾಳೆ ತಟ್ಟಿಬಿಟ್ಟೆ.

ಹಾಗೆ ಅವಳು ಕೌತಾಳಂಗೆ ಬಂದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅಪ್ಪ ನಿಧಾನವಾಗಿ ನಡೆದು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತರು. ಅತ್ತೆ ತಿರುಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ತಮ್ಮನ ಮುಖದ ನಿಜವಾದ ಬಣ್ಣ ಅವಳಿಗೆ ಕಂಡಿತು. ಕೀ ಹಿಡಿದ ಕೈ ಅಲ್ಲೇ ನಿಂತಿತು.

"ಯಾಕಕ್ಕ, ಹಂಗ ನೋಡ್ತಿ?" ಎಂದರು ಅಪ್ಪ.

ಅತ್ತೆ ಅಂಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡಳು. ಪೊರೆಯಿರುವ ಹಳೆಯ ಕಣ್ಣಿನಿಂದ ಅವರನ್ನು ದಿಟ್ಟಿಸಿದಳು. "ನಾಲಗಿ ತೆಗಿ."

ಅಪ್ಪ ನಗುತ್ತ ನಾಲಗೆ ಚಾಚಿದರು.

"ಶೇಂಗಾ ಸಿಪ್ಪಿ!" ಎಂದು ಅತ್ತೆ ಗದರಿಸಿದಳು. "ಏನೂ ಆಗಿಲ್ಲ ನಿನಗ. ಸರಿಯಾಗಿ ಕೂಡು." ಆಮೇಲೆ ಅಂಗೈ ತೆಗೆದು ಒದ್ದೆಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕಣ್ಣು ರಸ್ತೆಯ ಮೇಲಿಟ್ಟು ಗಾಡಿ ಹೊರಡಿಸಿದಳು. ಹಿಂದಿನ ಸೀಟಿನಲ್ಲಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಎರಡನೆಯ ಕಣ್ಣಿಗೆ ಬರಲು ಡಾಕ್ಟರು ಹೇಳಿ ಕಳಿಸುತ್ತಲೇ ಇದ್ದಾರೆ. ಮೊನ್ನೆ ನಾನೂ ಕೇಳಿದೆ. ಅತ್ತೆ ಚೀಲದ ಪಾನಾ ಒರೆಸುತ್ತ ಅಂದಳು:

"ಅದು ಹಂಗ ಇರ್ಲಿ ಬಿಡು. ಆ ಕಣ್ಣಾಗ ನನ್ನ ತಮ್ಮ ಚಲೋ ಅದಾನ."